ಹುಲ್ಲಿನ ಮೇಲೆ ನೀರುಕಾಗೆ

ಪೋರ್ಸ್‌ಹಿರ್
2 ಅಕ್ಟೋಬರ್ 2014

ಅಝೆನೋರ್,

ನೀನು ಫೋನ್ ಎತ್ತುವುದಿಲ್ಲ. ‘ಬೇಕಾದರೆ ಬರೆಯಿರಿ’ ಎಂದು ಅಂಚೆಯವಳ ಕೈಯಲ್ಲಿ ಹೇಳಿ ಕಳಿಸಿದೆಯಂತೆ. ಬರೆಯಿರಿ! ನಲವತ್ತು ವರ್ಷ ‘ಗೆನೊಲೆ, ಬಾರೋ, ಸೂಪು ಆರೋಗ್ತಿದೆ’ ಎನ್ನುತ್ತಿದ್ದವಳು ನಿನ್ನ ಗಂಡ ರೊಪಾರ್‌ನನ್ನು ಮಣ್ಣು ಮಾಡಿದ ದಿನದಿಂದ ನನಗೆ ಬಹುವಚನ ಹಚ್ಚಿದ್ದೀಯ. ಆಗಲಿ, ಬರೆಯುತ್ತೇನೆ.

ನಮ್ಮ ದೋಣಿ ನೀರುಕಾಗೆಯ ತೂತು ಮುಚ್ಚಿದ್ದೇನೆ. ಇಳಿತದಲ್ಲಿ ನೆಲ ಮುಟ್ಟುವ ದೋಣಿಯವರು ಲಂಗರಿನ ಹಗ್ಗವನ್ನು ಉದ್ದ ಬಿಟ್ಟು, ದೋಣಿ ಲಂಗರಿನಿಂದ ದೂರ ಹೋಗಿ ಕೂರುವ ಹಾಗೆ ನೋಡಿಕೊಳ್ಳುತ್ತಾರೆ. ನೀನು ಮೂಗಿನ ಕೆಳಗೇ ಲಂಗರು ಬಿಟ್ಟು, ಒಳಗೆ ಹೋಗಿ ಸ್ವೆಟರ್ ಹೆಣೆಯುತ್ತಾ ಕೂತೆ. ನೀರು ಇಳಿದ ಹಾಗೆ ಪಾಪದ ದೋಣಿ ತನ್ನ ಲಂಗರಿನ ಹಲ್ಲಿನ ಮೇಲೇ ಕೂತಿತು. ಎರಡು ಒಡಲಿನಲ್ಲಿ ಎಡದ್ದಕ್ಕೆ ನನ್ನ ಮುಷ್ಟಿ ಹೋಗುವಷ್ಟು ತೂತು. ಸಿಂಪಿ ಸಾಕುವ ಮೆರಿಯಾಡೆಕ್ ಹೆಂಡದಂಗಡಿಯಲ್ಲಿ ಏನಂದ ಗೊತ್ತೇ? ‘ಅಝೆನೋರಮ್ಮ ಜಾಣೆ ಕಣ್ರೋ, ಲಂಗರು ದೋಣಿ ಒಳಗೇ ಇದ್ರೆ ಕಳ್ಳರ ಭಯ ಇಲ್ಲ.’ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ತೇಪೆಗೆ ಕೆಂಪು ಬಣ್ಣ ಬಳಿದಿದ್ದೇನೆ. ಬಿಳಿ ದೋಣಿಯ ಮೇಲೆ ಆಚೆ ದಡಕ್ಕೂ ಕಾಣುತ್ತದೆ.

ಹುಣ್ಣಿಮೆಯಿಂದ ಅಮಾವಾಸ್ಯೆವರೆಗೆ ರೊಪಾರ್, ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ ನಾನು ಎಂದು ಅರ್ಧರ್ಧ ಪಾಲಿನ ಈ ದೋಣಿಗೆ ನಾವು ಮಾಡಿಕೊಂಡ ಪಾಳಿ ಇಬ್ಬರು ನಾವಿಕರ ನಡುವಿನದು. ಗಂಡನ ಚಪ್ಪಲಿಯ ಹಾಗೆ ಹೆಂಡತಿ ಕಾಲಿಗೆ ಹಾಕಿಕೊಳ್ಳುವುದಕ್ಕಲ್ಲ. ನಿನ್ನ ಪಾಲು ನನಗೆ ಬಿಟ್ಟುಬಿಡು, ಅಡುಗೆಮನೆಯಲ್ಲಿ ಜಾಮ್ ಕುದಿಸಿಕೊಂಡು ಹಾಯಾಗಿರು.

ಇಲ್ಲದಿದ್ದರೆ ನಿನ್ನ ಮುಂದಿನ ತಪ್ಪು ಯಾವುದೆಂದು ಈಗಲೇ ಹೇಳುತ್ತೇನೆ. ಒಬ್ಬ ಇಂಗ್ಲಿಷಿನವನು ವರ್ಷದ ಅತಿ ದೊಡ್ಡ ಉಬ್ಬರದ ದಿನ, ನೀರು ತುತ್ತತುದಿ ಮುಟ್ಟಿದ ಹೊತ್ತಿನಲ್ಲಿ, ಹೂವು ಚೆನ್ನಾಗಿವೆ ಅಂತ ಹುಲ್ಲುಗಾವಲಿನ ಮೇಲೆ ದೋಣಿ ನಿಲ್ಲಿಸಿ ಊಟಕ್ಕೆ ಕೂತ. ನೀರು ಇಳಿಯಿತು. ಮರುದಿನದ ಉಬ್ಬರ ಅವನ ತನಕ ಬರಲಿಲ್ಲ, ಅದರ ಮರುದಿನದ್ದು ಇನ್ನೂ ಕೆಳಗೇ ನಿಂತಿತು. ಅರ್ಧ ವರ್ಷ ಅವನ ದೋಣಿಯಲ್ಲಿ ಕೋಳಿಗಳು ಮೊಟ್ಟೆ ಇಟ್ಟವು. ಇಂಥದ್ದನ್ನು ನೀನು ಮಾಡಿದರೆ ನೋಡಲು ನಾನು ಬದುಕಿರಬೇಕು ಅಂತ ಆಸೆ.

ನಿನ್ನ ದೋಣಿಯ ವೈದ್ಯ,
ಗೆನೊಲೆ

---

ಕೆರ್ಮೊರ್
11 ಅಕ್ಟೋಬರ್ 2014

ಶ್ರೀ ಗೆನೊಲೆಯವರಿಗೆ,

ತೇಪೆ ಹಾಕಿದ್ದಕ್ಕೆ ವಂದನೆಗಳು. ಕೆಂಪು ನನಗೆ ಹಿಡಿಸಿತು, ಹಾಗೇ ಇರಲಿ.

ಪಾಲು ಬಿಡುವುದಿಲ್ಲ. ಪಾಳಿಯ ಮಾತು ನಿಮ್ಮ ಬಾಯಲ್ಲಿ ಬಂದಿದ್ದು ನೋಡಿ ನಗು ಬಂತು. ಕಳೆದ ವರ್ಷ ಜುಲೈ ಹುಣ್ಣಿಮೆಯಿಂದ ಯಾರ ಪಾಳಿ ಇತ್ತು? ರೊಪಾರ್‌ನ ಹೊಟ್ಟೆಯಲ್ಲಿ ನೀರು ತುಂಬಿತ್ತು, ಕಾಲು ಕಡ್ಡಿಯಾಗಿತ್ತು. ‘ಏಳು ದ್ವೀಪಕ್ಕೆ ಹೋಗೋಣ, ನಿನ್ನ ಬಿಳಿ ಹಕ್ಕಿಗಳು ಮರಿ ಮಾಡಿವೆ, ಇನ್ನೊಂದು ಸಲ ನೋಡ್ಕೊಂಡು ಬರೋಣ’ ಎಂದು ನಾನೇ ಹೊರಡಿಸಿದ್ದೆ. ಬೇರೆ ದೋಣಿಯಾಗಿದ್ದರೆ ಆಗುತ್ತಿರಲಿಲ್ಲ, ಅವು ಗಾಳಿಗೆ ಮಗ್ಗುಲಾಗುತ್ತವೆ. ನೀರುಕಾಗೆ ಎರಡು ಒಡಲಿನ ಮೇಲೆ ಮೇಜಿನ ಹಾಗೆ ನೆಟ್ಟಗೆ ಹೋಗುತ್ತದೆ, ಕಪ್ಪಿನ ಕಾಫಿ ತುಳುಕುವುದಿಲ್ಲ. ಮುಂದೆ ಎರಡು ಒಡಲಿನ ನಡುವೆ ಬಿಗಿದ ಬಲೆಯ ಮೇಲೆ ಹಾಸಿಗೆ ಹಾಸಿದರೆ ಅವನು ಮಲಗಿಕೊಂಡೇ ಹಕ್ಕಿ ನೋಡಬಹುದಿತ್ತು. ದಿನಾ ಬೆಳಿಗ್ಗೆ ಅವನ ಹಳದಿ ಮಳೆಯಂಗಿ ತೊಡಿಸಿ, ಮೆಟ್ಟಿಲು ಇಳಿಸಿ ಹತ್ತಿಸಿ ಅಭ್ಯಾಸ ಮಾಡಿಸುತ್ತಿದ್ದೆ.

ಹುಣ್ಣಿಮೆಯ ಹಿಂದಿನ ದಿನ ಬಂದು ನೋಡಿದರೆ ದೋಣಿಯಿಲ್ಲ. ನೀವು ಇಂಗ್ಲೆಂಡಿನ ಸಿಲ್ಲಿ ದ್ವೀಪಗಳ ಕಡೆ ಹಾಯಿ ಬಿಚ್ಚಿಯಾಗಿತ್ತು. ವಾಪಸು ಬಂದಿದ್ದು ಮಣ್ಣಿನ ದಿನಕ್ಕೆ. ಬಿಸಿಲಿಗೆ ಸುಲಿದ ಮೂಗು ಹೊತ್ತು ಗುಂಡಿಯ ಪಕ್ಕ ನಿಂತಿದ್ದಿರಿ. ಆ ಮೂಗನ್ನು ನಾನು ಮರೆತಿಲ್ಲ.

ನನ್ನ ಪಾಳಿಗಳಲ್ಲಿ ನಾನು ದೋಣಿ ನಡೆಸುತ್ತೇನೆ. ಹೇಳಿಕೊಡುವವರು ಬೇರೆ ಇದ್ದಾರೆ.

ಅಝೆನೋರ್

---

ಪೋರ್ಸ್‌ಹಿರ್
25 ಜನವರಿ 2015

ಅಝೆನೋರ್,

ಈ ಚಳಿಯಲ್ಲೂ ನಿನ್ನ ಪಾಳಿ ಬಂದಾಗಲೆಲ್ಲ ನೀನು ನದಿಯಲ್ಲಿ ಮೇಲೆ ಕೆಳಗೆ ಓಡಾಡುವುದನ್ನು ಕಿಟಕಿಯಿಂದ ನೋಡುತ್ತಿದ್ದೇನೆ. ತಲೆಗೆ ಉಣ್ಣೆಯ ಟೋಪಿ, ಬಾಯಲ್ಲಿ ಬಿಸ್ಕತ್ತು, ಕೈಯಲ್ಲಿ ಚುಕ್ಕಾಣಿ. ಗಾಳಿಗೆ ಎದುರು ತಿರುಗುವಾಗ ದೋಣಿ ನಿಂತುಬಿಡುತ್ತದೆ, ನೋಡಿದ್ದೀಯಲ್ಲ? ಹಗುರ ದೋಣಿ, ಎರಡೊಡಲು, ಅದಕ್ಕೆ ಓಟ ಬೇಕು. ವೇಗ ಹಿಡಿದ ಮೇಲೆ ತಿರುಗಿಸು, ಮೊದಲೇ ಅಲ್ಲ. ರೊಪಾರ್‌ಗೂ ಇದನ್ನು ಕಲಿಯಲು ಎರಡು ಬೇಸಿಗೆ ಹಿಡಿಯಿತು. ನೀನು ಅವನಿಗಿಂತ ಬೇಗ ಕಲಿಯುತ್ತಿದ್ದೀಯ ಎಂದು ಹೇಳಲು ನನಗೆ ಹೊಟ್ಟೆ ಉರಿಯುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಎದೆಯಲ್ಲಿ ಏನೋ ಬೆಳೆದಿದೆ. ಜೂನ್‌ನಲ್ಲಿ ಕೊಯ್ಯುತ್ತಾರೆ. ಡಾಕ್ಟರು ನನಗೆ ಮೊಮ್ಮಗಳಾಗುವ ವಯಸ್ಸಿನವಳು, ಸುತ್ತಿ ಬಳಸಿ ಮಾತಾಡಲಿಲ್ಲ. ‘ತಾತ, ಎದ್ರೂ ಇನ್ಮೇಲೆ ಹಗ್ಗ ಎಳೆಯೋ ಕೆಲಸ ಆಗಲ್ಲ. ಏಳದೇನೂ ಇರಬಹುದು. ಏನಾದ್ರೂ ಮಾಡೋದಿದ್ರೆ ಮೊದಲೇ ಮಾಡ್ಕೊಂಡ್ಬಿಡಿ’ ಅಂದಳು.

ಮಾಡುವುದು ಒಂದೇ ಇದೆ. ಮಾರ್ಚ್ ಅಮಾವಾಸ್ಯೆಯಿಂದ ಕೊಯ್ಯುವವರೆಗೆ ದೋಣಿ ನನಗೆ ಬಿಡು, ನಿನ್ನ ಪಾಳಿಗಳನ್ನೂ ಸೇರಿಸಿ. ಏಳು ದ್ವೀಪ ದಾಟಿ, ಹವೆ ನೋಡಿಕೊಂಡು, ಸಿಲ್ಲಿವರೆಗೆ ಹೋಗಿ ಬರುತ್ತೇನೆ. ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಬದುಕಿನಲ್ಲಿ ನನ್ನದು ಅಂತ ಇದ್ದದ್ದು ಅರ್ಧ ದೋಣಿ. ಒಂದು ವಸಂತ ಅದು ಪೂರ್ತಿ ನನ್ನದಾಗಿರಲಿ.

ಬೇಡಿಕೊಳ್ಳುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಇದನ್ನೇ ಬೇಡಿಕೊಂಡ ಹಾಗೆ ಓದಿಕೋ.

ಗೆನೊಲೆ

---

ಕೆರ್ಮೊರ್
6 ಫೆಬ್ರವರಿ 2015

ಶ್ರೀ ಗೆನೊಲೆಯವರಿಗೆ,

ಸುದ್ದಿ ಓದಿದೆ. ಆಗಲಿ.

ಮಾರ್ಚ್ ಅಮಾವಾಸ್ಯೆಗೆ ನನ್ನ ಪಾಳಿ ಮುಗಿಯುತ್ತದೆ. ಆಮೇಲೆ ನಿಮ್ಮ ಆಪರೇಷನ್ ಆಗುವವರೆಗೆ ದೋಣಿ ನಿಮ್ಮದು, ನಾನು ಮುಟ್ಟುವುದಿಲ್ಲ. ಹಾಯಿ ಒಣಗಿಸಿ, ಒಳಗೆಲ್ಲ ಗುಡಿಸಿ ಒರೆಸಿ, ನೀರು ತುಂಬಿಸಿ ಕೊಡುತ್ತೇನೆ. ನೀವು ನಮಗೆ ಕೊಟ್ಟದ್ದಕ್ಕಿಂತ ಚೊಕ್ಕಟವಾಗಿ ಕೊಡುತ್ತೇನೆ.

ಓಟ ಹಿಡಿದ ಮೇಲೆ ತಿರುಗಿಸಬೇಕೆಂಬ ಮಾತು ನಿಜ. ನಿನ್ನೆ ಮಾಡಿ ನೋಡಿದೆ, ಸಲೀಸಾಗಿ ತಿರುಗಿತು.

ಆರೋಗ್ಯ ನೋಡಿಕೊಳ್ಳಿ. ಮಾರ್ಚ್‌ವರೆಗೆ ನೀವು ಗಟ್ಟಿಯಾಗಿರಬೇಕೆಂದು ನನ್ನ ಆಸೆ.

ಅಝೆನೋರ್

---

ಕೆರ್ಮೊರ್
22 ಮಾರ್ಚ್ 2015

ಶ್ರೀ ಗೆನೊಲೆಯವರಿಗೆ,

ನಿನ್ನೆ ಸಂಜೆ ಕಟ್ಟೆಯ ಮೇಲೆ ಚೀಲ ಹೊತ್ತು ನೀವು ನನಗಾಗಿ ಕಾದಿರೆಂದು ಮೆರಿಯಾಡೆಕ್ ಹೇಳಿದ. ಹೊಸ ಬೂಟು ಹಾಕಿದ್ದಿರಂತೆ. ಕಾಯಿಸಿದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ಎಂಥ ಉಬ್ಬರ! ಪತ್ರಿಕೆಯವರು ಇದನ್ನು ಶತಮಾನದ ಉಬ್ಬರ ಎಂದು ಕರೆದಿದ್ದಾರೆ. ಶುಕ್ರವಾರ ಬೆಳಿಗ್ಗೆ ಗ್ರಹಣ, ಶನಿವಾರ ಇದು. ಪ್ಯಾರಿಸ್‌ನಿಂದ ಜನ ಕಾರು ಮಾಡಿಕೊಂಡು ಬಂದು ಸೇತುವೆಯ ಮೇಲೆ ಚಿತ್ರ ತೆಗೆಯುತ್ತಿದ್ದರು. ನಾನು ನದಿಯಲ್ಲಿ ಕೆಳಗೆ ನಿಮ್ಮ ಕಡೆ ಬರಲಿಲ್ಲ, ಮೇಲೆ ಹೋದೆ. ದೊಡ್ಡ ಉಬ್ಬರಕ್ಕೆ ಉಪ್ಪುನೀರು ಹತ್ತುವ ನಮ್ಮಪ್ಪನ ಹುಲ್ಲುಗಾವಲು ನಿಮಗೆ ನೆನಪಿರಬೇಕು, ಈಗ ನನ್ನ ಹೆಸರಿನಲ್ಲಿದೆ. ನೀರು ಬೇಲಿಯ ಗೂಟ ಮುಳುಗಿಸಿ, ಕುರಿದೊಡ್ಡಿಯ ಗೋಡೆಯ ಬುಡಕ್ಕೆ ಬಂದಿತ್ತು. ಹಾಯಿ ಇಳಿಸಿ, ಸಣ್ಣ ಎಂಜಿನ್ ಮೇಲೆ ನಿಧಾನ ಒಳಗೆ ಬಿಟ್ಟೆ. ಚುಕ್ಕಾಣಿ ಎತ್ತಿದೆ, ಎಂಜಿನ್ ಎತ್ತಿದೆ. ಗೋಡೆಯ ತನಕ ತೇಲಿ ಹೋಗಿ ನಿಂತಿತು.

ಆಮೇಲೆ ಕಾಫಿ ಮಾಡಿಕೊಂಡು ಕೂತೆ. ನೀರು ತುದಿ ಮುಟ್ಟಿತು, ಒಂದು ಗಳಿಗೆ ಸುಮ್ಮನಿತ್ತು, ಹಿಂದೆ ಸರಿಯಿತು. ನೀರುಕಾಗೆ ಹುಲ್ಲಿನ ಮೇಲೆ ನೆಟ್ಟಗೆ ಕೂತಿತು. ಕಾಫಿ ತುಳುಕಲಿಲ್ಲ. ಎಡ ಒಡಲಿನ ಕೆಂಪು ತೇಪೆ ರಸ್ತೆಯ ಕಡೆಗಿದೆ, ಹೋಗಿ ಬರುವವರಿಗೆ ಕಾಣಲಿ ಎಂದು ನಾನೇ ಹಾಗೆ ತಿರುಗಿಸಿದೆ.

ಇಂಥ ಉಬ್ಬರ ಇನ್ನು ಹದಿನೆಂಟು ವರ್ಷಕ್ಕಂತೆ. ಸೆಪ್ಟೆಂಬರಿನದು ಗಾಳಿ ತಳ್ಳಿದರೆ ಇದರ ಹತ್ತಿರ ಬರಬಹುದು. ಆದರೆ ನಿಮ್ಮ ಆಪರೇಷನ್ ಜೂನ್‌ನಲ್ಲಿ.

ನಮ್ಮ ಪಾಳಿಯ ಮಾತಿನಲ್ಲಿ ದೋಣಿ ಚೊಕ್ಕಟವಾಗಿರಬೇಕು ಎಂದಿದೆ, ಎಲ್ಲಿರಬೇಕೆಂದು ಇಲ್ಲ. ಗುಡಿಸಿದ್ದೇನೆ, ಒರೆಸಿದ್ದೇನೆ, ನೀರು ತುಂಬಿಸಿದ್ದೇನೆ. ಮಾತಿನಂತೆ ಇಂದಿನಿಂದ ದೋಣಿ ನಿಮ್ಮದು. ಹೋಗಿ ಬನ್ನಿ.

ರೊಪಾರ್‌ನ ಹೆಂಡತಿ,
ಅಝೆನೋರ್

---

ಪೋರ್ಸ್‌ಹಿರ್
9 ಏಪ್ರಿಲ್ 2015

ಅಝೆನೋರ್,

ಶಬಾಷ್. ಮೊದಲು ಅದನ್ನು ಹೇಳಿಬಿಡುತ್ತೇನೆ. ಆ ಮುಳುಗಿದ ಗೂಟಗಳ ನಡುವೆ, ಆ ಸೆಳೆತದಲ್ಲಿ, ಒಂದು ಗೀರೂ ಬೀಳದಂತೆ ಒಬ್ಬಳೇ ತಂದು ಕೂರಿಸಿದ್ದೀಯ. ನಾನೂ ಅಷ್ಟು ಚೆನ್ನಾಗಿ ಕೂರಿಸುತ್ತಿರಲಿಲ್ಲ.

ನೋಡಲು ನಾಲ್ಕು ಸಲ ಬಂದೆ. ನೀನು ನಿನ್ನ ಮನೆಯ ಕಿಟಕಿಯ ಪರದೆಯ ಹಿಂದೆ ನಿಂತಿದ್ದೂ ಕಂಡಿತು. ಹುಲ್ಲುಗಾವಲು ದಾಟುವಷ್ಟರಲ್ಲಿ ಮೂರು ಕಡೆ ಕೂತು ಉಸಿರು ಹಿಡಿಯಬೇಕಾಯಿತು. ಆಗ ನಿನ್ನ ಹೊಟ್ಟೆ ತಣ್ಣಗಾಗಿರಬೇಕು.

ಮೆರಿಯಾಡೆಕ್‌ನನ್ನು ಕೇಳಿದೆ, ಸಿಂಪಿ ಎಳೆಯುವ ಟ್ರ್ಯಾಕ್ಟರ್ ತಂದು ದೋಣಿಯನ್ನು ನೀರಿಗೆ ಎಳೆಯಪ್ಪಾ ಎಂದು. ‘ಅಝೆನೋರಮ್ಮನ ಹುಲ್ಲುಗಾವಲು, ಅವರು ಹೂಂ ಅನ್ನದೆ ಗಾಲಿ ಇಡಲ್ಲ’ ಅಂದ. ಕ್ರೇನಿನವನಿಗೆ ಫೋನ್ ಮಾಡಿದೆ. ದೋಣಿ ಓಣಿಗಿಂತ ಅಗಲ, ಕ್ರೇನ್ ಹತ್ತಿರ ಬಂದರೆ ಕೆಸರಲ್ಲಿ ಹೂತುಹೋಗುತ್ತದೆ ಅಂದ. ಉಳಿದದ್ದು ನೀನು.

ಹೂಂ ಅನ್ನು. ನೆಲ ಒಣಗಿರುವಾಗ ಟ್ರ್ಯಾಕ್ಟರ್ ಬರಲಿ. ಸಿಲ್ಲಿ ಬೇಡ. ಏಳು ದ್ವೀಪದ ತನಕ, ಒಂದು ಹಗಲು, ಸಾಕು. ನೀನೇ ಚುಕ್ಕಾಣಿ ಹಿಡಿ, ನಾನು ಬಲೆಯ ಮೇಲೆ ಬಿದ್ದುಕೊಂಡಿರುತ್ತೇನೆ, ಬಾಯಿ ಬಿಡುವುದಿಲ್ಲ. ನನಗೆ ಭಯವಾಗುತ್ತಿದೆ, ಅಝೆನೋರ್. ಸಾಯುವುದಕ್ಕಲ್ಲ. ಈ ಕಿಟಕಿಯಲ್ಲಿ ಕೂತು ಸಾಯುವುದಕ್ಕೆ.

ಗೆನೊಲೆ

---

ಕೆರ್ಮೊರ್
15 ಏಪ್ರಿಲ್ 2015

ಶ್ರೀ ಗೆನೊಲೆಯವರಿಗೆ,

ಇಲ್ಲ.

ಒಂದು ಹಗಲು, ಏಳು ದ್ವೀಪದ ತನಕ, ಬಲೆಯ ಮೇಲೆ ಮಲಗಿಕೊಂಡು. ರೊಪಾರ್‌ಗಾಗಿ ನಾನು ಬಯಸಿದ್ದೂ ಅಷ್ಟೇ. ಅವನು ಮಳೆಯಂಗಿ ತೊಟ್ಟುಕೊಂಡೇ ಕುರ್ಚಿಯಲ್ಲಿ ಕಾದ. ನೀವು ಹೊಸ ಬೂಟು ತೊಟ್ಟು ಕಾಯಿರಿ.

ನಿಮ್ಮ ಇಂಗ್ಲಿಷಿನವನ ಕಥೆ ಸುಳ್ಳಲ್ಲ. ಪಕ್ಕದ ಮನೆಯ ಕೋಳಿಗಳು ಬಂದಿವೆ. ಬಲ ಒಡಲಿನ ಹಾಸಿಗೆಯ ಮೇಲೆ, ನಿಮ್ಮ ದಿಂಬಿನ ಜಾಗದಲ್ಲಿ, ಮೊಟ್ಟೆ ಇಡುತ್ತಿವೆ. ಬೇಕಾದರೆ ಕಳಿಸಿಕೊಡುತ್ತೇನೆ, ಎದೆಗೆ ಒಳ್ಳೆಯದು.

ಅಝೆನೋರ್

---

ಪೋರ್ಸ್‌ಹಿರ್
21 ಮೇ 2015

ಅಝೆನೋರ್,

ಈ ತಿಂಗಳ ಉಬ್ಬರವೂ ಬಂದು ಹೋಯಿತು. ನಿನ್ನ ಗೋಡೆಯ ಹತ್ತಿರಕ್ಕೂ ಸುಳಿಯಲಿಲ್ಲ. ಮಳೆ ಬಿಟ್ಟಿಲ್ಲವಾದ್ದರಿಂದ ಇನ್ನು ನೀನು ಹೂಂ ಅಂದರೂ ಟ್ರ್ಯಾಕ್ಟರ್ ಬರುವುದಿಲ್ಲ, ಹೂತುಹೋಗುತ್ತದೆ ಎಂದು ಮೆರಿಯಾಡೆಕ್ ಹೇಳಿದ. ಹಾಗಾಗಿ ನಿನ್ನಿಂದ ಕೇಳುವುದು ನನಗೇನೂ ಉಳಿದಿಲ್ಲ. ಈಗ ಬಾಯಿ ಬಿಡಬಹುದು.

ಆ ಜುಲೈಯಲ್ಲಿ ನೀನು ಔಷಧಿ ಅಂಗಡಿಗೆ ಹೋಗಿದ್ದಾಗ ನಾನು ನಿಮ್ಮ ಮನೆಗೆ ಬಂದಿದ್ದೆ. ರೊಪಾರ್ ಕುರ್ಚಿಯಲ್ಲಿದ್ದ, ಹಳದಿ ಮಳೆಯಂಗಿಯಲ್ಲಿ, ಒಳಗೆ ಬೆವೆತು ತೊಪ್ಪೆಯಾಗಿದ್ದ. ನನ್ನ ಕೈ ಹಿಡಿದುಕೊಂಡ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

‘ಗೆನೊಲೆ, ದೋಣಿ ತಗೊಂಡು ಎಲ್ಲಾದ್ರೂ ಹೋಗ್ಬಿಡೋ. ಇವಳು ನನ್ನ ಸಮುದ್ರಕ್ಕೆ ಕರ್ಕೊಂಡು ಹೋಗ್ತಾಳಂತೆ. ನಂಗೆ ಬೇಡ ಕಣೋ. ನೀರು ಕಂಡ್ರೆ ಹೆದರಿಕೆ ಆಗ್ತಿದೆ. ಅಲ್ಲಿ ನಡುವೆ ಎಲ್ಲಾದ್ರೂ ನೋವು ಬಂದ್ರೆ? ನಾನು ನನ್ನ ಹಾಸಿಗೇಲಿ ಸಾಯ್ಬೇಕು.’

‘ಅವಳಿಗೆ ಹೇಳು’ ಅಂದೆ.

‘ಹೆಂಗೆ ಹೇಳ್ಲಿ? ದಿನಾ ಮೆಟ್ಟಿಲು ಹತ್ತಿಸ್ತಾಳೆ. ಅವಳ ಮುಖ ನೋಡಿದ್ದೀಯಾ? ನಲವತ್ತು ವರ್ಷದಲ್ಲಿ ಅವಳು ಇಷ್ಟು ಖುಷಿಯಾಗಿದ್ದು ನಾನು ಕಂಡಿಲ್ಲ. ದೋಣಿ ಇಲ್ದಿದ್ರೆ ನಾನು ಬೇಡ ಅನ್ನೋ ಹಾಗೇ ಇರಲ್ಲ. ನೀನು ಬೈಸ್ಕೋ. ನಿಂಗೆ ಅಭ್ಯಾಸ ಇದೆ.’

ಬೈಸಿಕೊಂಡೆ. ನನ್ನನ್ನು ದೊಡ್ಡ ಮನುಷ್ಯ ಅಂದುಕೊಳ್ಳಬೇಡ. ಹವೆ ಚೆನ್ನಾಗಿತ್ತು, ಸಿಲ್ಲಿಗೆ ಹೋಗುವ ಆಸೆ ನನಗೂ ಇತ್ತು, ಹೋಗಿ ಸಂತೋಷಪಟ್ಟೆ. ಮೂಗು ಸುಲಿದದ್ದು ನಿಜ. ಯಾರಿಗೂ ಹೇಳಬೇಡ ಅಂದಿದ್ದ, ಹೇಳಲಿಲ್ಲ. ನನ್ನ ಜೊತೆಗೇ ಹೋಗಲಿ ಎಂದಿದ್ದೆ. ನೀನು ಕೋಳಿಮೊಟ್ಟೆಯ ಮಾತು ಬರೆಯದಿದ್ದರೆ ಹೋಗುತ್ತಿತ್ತು.

ಅವನ ಭಯವನ್ನು ಎರಡು ವರ್ಷ ನಾನು ಹೊತ್ತಿದ್ದೇನೆ. ಇನ್ನು ನೀನು ಹೊತ್ತುಕೋ, ನೀನು ಗಟ್ಟಿಯಾಗಿದ್ದೀಯ. ಜೂನ್ ಎರಡನೇ ವಾರ ನನ್ನನ್ನು ರೆನ್ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ನೋಡಲು ಬರಬೇಡ.

ಗೆನೊಲೆ

---

ಕೆರ್ಮೊರ್
7 ಜೂನ್ 2015

ಗೆನೊಲೆ,

ಸುಳ್ಳು. ನಿನ್ನ ಪತ್ರ ಓದಿ ಮೊದಲು ಹೇಳಿದ್ದು ಅದನ್ನೇ, ಜೋರಾಗಿ, ಅಡುಗೆಮನೆಯಲ್ಲಿ, ಯಾರೂ ಇಲ್ಲದಾಗ. ಸಾಯುವ ಮೊದಲು ನನ್ನನ್ನು ಕಚ್ಚಿ ಹೋಗಬೇಕೆಂದು ಕಟ್ಟಿದ ಕಥೆ. ನಿನಗೆ ಕಥೆ ಕಟ್ಟಲು ಬರುತ್ತದೆ.

ಆದರೆ ದೋಣಿಯಿಲ್ಲ ಎಂದು ಬಂದು ಹೇಳಿದ ದಿನ ಅವನು ನನ್ನನ್ನು ನೋಡಿ ‘ಹೋಗ್ಲಿ ಬಿಡೇ’ ಅಂದ. ‘ಹಸಿವಾಗ್ತಿದೆ, ಒಂದು ಗಲೆಟ್ ದೋಸೆ ಮಾಡ್ಕೊಡು, ಎರಡು ಮೊಟ್ಟೆ ಒಡೆದು ಹಾಕು’ ಅಂದ. ವಾರದಿಂದ ನಾಲ್ಕು ಚಮಚ ಸೂಪು ಇಳಿಯದವನು ಪೂರ್ತಿ ತಿಂದ. ತಟ್ಟೆಯ ಬೆಣ್ಣೆಯನ್ನು ಬೆರಳಲ್ಲಿ ಬಳಿದು ನೆಕ್ಕಿದ. ಮಳೆಯಂಗಿ ತಾನೇ ಬಿಚ್ಚಿದ. ಕುರ್ಚಿಯಲ್ಲಿ ಬಾಯಿ ತೆರೆದು ಸಂಜೆವರೆಗೆ ನಿದ್ದೆ ಮಾಡಿದ. ನನಗೆ ನೋವಾಗಬಾರದೆಂದು ತನ್ನ ದುಃಖ ನುಂಗುತ್ತಿದ್ದಾನೆ ಅಂದುಕೊಂಡೆ. ಆ ದಿನ ಪ್ರೀತಿಸಿದಷ್ಟು ಅವನನ್ನು ಯಾವತ್ತೂ ಪ್ರೀತಿಸಿರಲಿಲ್ಲ. ಎರಡು ವರ್ಷ ಆ ಒಂದು ಮಧ್ಯಾಹ್ನದ ಮೇಲೆ ಬದುಕಿದೆ. ಅದರ ಮೇಲೇ ನಿನ್ನನ್ನು ದ್ವೇಷಿಸಿದೆ.

ಅಗೆಯುತ್ತಿದ್ದೇನೆ. ಮೆರಿಯಾಡೆಕ್‌ನ ಕಾಲು ಹಿಡಿಯುವುದೊಂದು ಬಾಕಿ, ‘ಟ್ರ್ಯಾಕ್ಟರ್ ಕೊಡಲ್ಲ ಅಂತಲ್ಲಮ್ಮ, ಕೆಸರಲ್ಲಿ ಹೂತ್ರೆ ಅದನ್ನ ಆಮೇಲೆ ಯಾರು ಎಳೀತಾರೆ?’ ಎನ್ನುತ್ತಾನೆ. ರೊಪಾರ್‌ನ ಗುದ್ದಲಿಯಿದೆ. ಗೋಡೆಯಿಂದ ನದಿಯ ಕಡೆಗೆ ಎರಡು ತೋಡು, ಒಡಲಿಗೊಂದು. ಇಳಿತದಲ್ಲಿ ಅಗೆಯುತ್ತೇನೆ, ಉಬ್ಬರ ಬಂದು ಅರ್ಧ ಕೆಸರು ವಾಪಸು ತುಂಬುತ್ತದೆ, ಮತ್ತೆ ಅಗೆಯುತ್ತೇನೆ. ಹೋಗಿ ಬರುವವರು ಕಾರು ನಿಲ್ಲಿಸಿ ನೋಡುತ್ತಾರೆ. ನಗುವವರು ನಗಲಿ. ಕೋಳಿಗಳನ್ನು ಓಡಿಸಿದ್ದೇನೆ, ನಿನ್ನ ಹಾಸಿಗೆ ತೊಳೆದು ಹಾಕಿದ್ದೇನೆ. ಮೊನ್ನೆ ಹುಣ್ಣಿಮೆಗೆ ನೀರು ತೋಡಿನೊಳಗೆ ಬಂತು, ಕೆಂಪು ತೇಪೆಯಿಂದ ಒಂದು ಮಾರು ದೂರದವರೆಗೆ. ಅಲ್ಲೇ ಸ್ವಲ್ಪ ಹೊತ್ತು ನಿಂತು ಹೊರಟುಹೋಯಿತು.

ಮುಂದಿನ ವಾರ ನಿನ್ನನ್ನು ಕರೆದೊಯ್ಯುತ್ತಾರೆ. ಅಷ್ಟರಲ್ಲಿ ಆಗುವುದಿಲ್ಲ, ನನಗೂ ಗೊತ್ತು. ಆದರೂ ಕೈ ನಿಲ್ಲುತ್ತಿಲ್ಲ, ಅಂಗೈ ಬೊಕ್ಕೆಯೆದ್ದು ಒಡೆದಿದೆ.

ಒಂದು ಉಪಕಾರ ಮಾಡು. ಹೋಗುವ ಮೊದಲು ಒಂದೇ ಸಾಲು ಬರೆ, ‘ರೊಪಾರ್‌ನ ಮಾತು ನಾನು ಕಟ್ಟಿದ ಸುಳ್ಳು’ ಎಂದು. ಕಾಗದ ಕೈಗೆ ಬಂದ ಗಳಿಗೆ ಗುದ್ದಲಿಯನ್ನು ಅಲ್ಲೇ ಬಿಸಾಕಿ ಮನೆಗೆ ಹೋಗುತ್ತೇನೆ.

ಅಝೆನೋರ್